ಮನೆಗೆ ಕಳ್ಳ ನುಗ್ಗಿದಾಗ ಸಾಕ್ಷ್ಯ ಉಳಿಸಿಕೊಳ್ಳುವುದು ಹೇಗೆ? ಬಾಗಿಲಿನಿಂದ ಕೋರ್ಟಿನವರೆಗೆ

ಊರಿಗೆ ಹೋಗಿ ವಾಪಸ್ ಬಂದಾಗ ಬಾಗಿಲ ಬೀಗ ಮುರಿದಿದ್ದರೆ ಯಾರಿಗಾದರೂ ಮೊದಲು ಒಳಗೆ ಓಡಬೇಕು ಅನ್ನಿಸುತ್ತದೆ. ಬೀರು ತೆಗೆದಿದ್ದಾರಾ, ಒಡವೆ ಇದೆಯಾ, ದೇವರ ಮನೆಯ ಬೆಳ್ಳಿ ಇದೆಯಾ ಅಂತ ನೋಡುವ ತನಕ ಜೀವಕ್ಕೆ ಸಮಾಧಾನ ಇರುವುದಿಲ್ಲ. ಆದರೆ ಕಳ್ಳ ಬಿಟ್ಟುಹೋದ ಗುರುತುಗಳು ಜಾಸ್ತಿ ಹಾಳಾಗುವುದು ಅದೇ ಹತ್ತು ನಿಮಿಷದಲ್ಲಿ. ಬೆರಳಚ್ಚು ತಜ್ಞರು, ಶ್ವಾನದಳ, ಪ್ರಯೋಗಾಲಯ ಎಲ್ಲ ಬರುವುದು ಆಮೇಲೆ. ಅವರ ಕೈಗೆ ಏನು ಸಿಗುತ್ತದೆ ಅನ್ನುವುದು ಮನೆಯವರು ಮೊದಲು ಏನು ಮಾಡಿದರು ಅನ್ನುವುದರ ಮೇಲೆ ನಿಂತಿದೆ.

ಫ್ರಾನ್ಸಿನ ಲಿಯಾನ್ ಊರಿನಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ತೆರೆದ ಎಡ್ಮಂಡ್ ಲೊಕಾರ್ಡ್ ಈ ವಿದ್ಯೆಗೆ ಒಂದು ತಳಹದಿ ಹಾಕಿಕೊಟ್ಟರು. ಎರಡು ವಸ್ತುಗಳು ಒಂದಕ್ಕೊಂದು ತಾಗಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಏನಾದರೂ ಅಂಟುತ್ತದೆ ಅನ್ನುವುದು ಅದರ ಸಾರ. ಕಳ್ಳನ ಬೆವರು ನಿಮ್ಮ ಬೀರುವಿಗೆ ಅಂಟುತ್ತದೆ. ನಿಮ್ಮ ಬಾಗಿಲಿನ ಬಣ್ಣ ಅವನ ರಾಡಿಗೆ ಅಂಟುತ್ತದೆ. ಇದೇ ನಿಯಮ ನಿಮಗೂ, ನೋಡಲು ಬರುವ ನೆಂಟರಿಗೂ ಅನ್ವಯಿಸುತ್ತದೆ. ಅದನ್ನು ಮಾತ್ರ ನಾವು ಮರೆತುಬಿಡುತ್ತೇವೆ.

ಹಂತ 1: ಹೊಸ್ತಿಲಲ್ಲೇ ನಿಲ್ಲಿ

ಬೀಗ ಮುರಿದದ್ದು ಕಂಡ ತಕ್ಷಣ ಹಿಂದೆ ಸರಿಯಿರಿ. ಕಳ್ಳ ಇನ್ನೂ ಒಳಗೇ ಇರಬಹುದು. 112ಕ್ಕೆ ಫೋನ್ ಮಾಡಿ, ವಿಳಾಸ ಹೇಳಿ, ಹೊರಗೆ ಕಾಯಿರಿ. ಒಳಗೆ ಯಾರಾದರೂ ಗಾಯಗೊಂಡು ಬಿದ್ದಿದ್ದರೆ ಈ ಮಾತು ಲೆಕ್ಕಕ್ಕಿಲ್ಲ. ಆಗ ಜೀವ ಮೊದಲು, ಸಾಕ್ಷ್ಯ ಆಮೇಲೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನನ್ನು ಮುಟ್ಟಿದಿರಿ, ಏನನ್ನು ಸರಿಸಿದಿರಿ ಅನ್ನುವುದನ್ನು ನೆನಪಿಟ್ಟು ಪೊಲೀಸರಿಗೆ ಹೇಳಿದರೆ ಸಾಕು. ಗಾಯಾಳುವಿನ ಬಟ್ಟೆ ಕತ್ತರಿಸಲೇಬೇಕಾದರೆ ಚಾಕು ಅಥವಾ ಗುಂಡು ತಾಗಿ ಆದ ತೂತಿನ ಮೇಲೆ ಕತ್ತರಿ ಆಡಿಸಬೇಡಿ, ಪಕ್ಕದಲ್ಲಿ ಕತ್ತರಿಸಿ. ಆ ತೂತೇ ಒಂದು ಸಾಕ್ಷ್ಯ.

ನಮ್ಮ ಕಡೆ ಕಳ್ಳತನ ಆಯಿತು ಅಂದರೆ ಅರ್ಧ ಬೀದಿ ಮನೆಯೊಳಗೆ ಬರುತ್ತದೆ. ಬರುವವರೆಲ್ಲ ಒಳ್ಳೆಯ ಮನಸ್ಸಿನವರೇ. ಧೈರ್ಯ ಹೇಳಲು ಬರುತ್ತಾರೆ, ಚೆಲ್ಲಾಡಿದ ಬಟ್ಟೆ ಎತ್ತಿ ಮಡಚಿಡುತ್ತಾರೆ, ಬಿದ್ದಿದ್ದ ಡಬ್ಬಿ ಎತ್ತಿ ನಿಲ್ಲಿಸುತ್ತಾರೆ. ಅಷ್ಟರಲ್ಲಿ ನೆಲದ ಹೆಜ್ಜೆಗುರುತು ಹೋಯಿತು, ಡಬ್ಬಿಯ ಮೇಲೆ ಹೊಸ ಬೆರಳು ಬಿತ್ತು. ನಾಯಿ ಹಿಡಿಯಬೇಕಾದ ವಾಸನೆಯ ಮೇಲೆ ಇಪ್ಪತ್ತು ಜನರ ವಾಸನೆ ಕೂತಿತು. ಹಾಗಾಗಿ ಮನೆಯವರಲ್ಲಿ ಗಟ್ಟಿಯಾಗಿ ಮಾತಾಡಬಲ್ಲ ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ. "ಪೊಲೀಸರು ಬರೋ ತನಕ ಯಾರೂ ಒಳಗೆ ಬರಬೇಡಿ, ದಯವಿಟ್ಟು ಬೇಜಾರು ಮಾಡ್ಕೋಬೇಡಿ" ಅಂತ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಒಳಗೆ ಹೋಗಲೇಬೇಕಾದ ಕಾರಣ ಇದ್ದರೆ, ಉದಾಹರಣೆಗೆ ಗ್ಯಾಸ್ ವಾಸನೆ ಬರುತ್ತಿದ್ದರೆ, ಒಬ್ಬರೇ ಹೋಗಿ, ಗೋಡೆಯ ಅಂಚಿನಲ್ಲಿ ನಡೆಯಿರಿ. ಎಲ್ಲರೂ ಹಿಡಿಯುವ ಹಿಡಿಕೆಯನ್ನು ಹಿಡಿಯಬೇಡಿ. ಬಾಗಿಲನ್ನು ಮೇಲಿನ ಮೂಲೆಯಲ್ಲಿ ಮೊಣಕೈಯಿಂದ ತಳ್ಳಿ. ಫ್ಯಾನ್ ಹಾಕಬೇಡಿ, ಗಾಳಿಗೆ ಕೂದಲು, ನೂಲಿನ ಎಳೆ ಎಲ್ಲ ಹಾರುತ್ತವೆ. ನಲ್ಲಿ ತಿರುಗಿಸಬೇಡಿ. ಬಚ್ಚಲು, ಶೌಚಾಲಯ ಬಳಸಬೇಡಿ, ಕಳ್ಳ ಅಲ್ಲಿ ಕೈ ತೊಳೆದಿರಬಹುದು. ನೀರು ಕುಡಿದು ಇಟ್ಟ ಲೋಟ, ಬೀಡಿ ತುಂಡು, ಗುಟ್ಕಾ ಉಗುಳಿದ ಕಲೆ ಇವನ್ನೆಲ್ಲ ಕೊಳಕು ಅಂತ ಒರೆಸಲು ಹೋಗಬೇಡಿ. ಎಂಜಲಿನಲ್ಲಿ ಡಿಎನ್‌ಎ ಇರುತ್ತದೆ. ಕೆಲವೊಮ್ಮೆ ಇಡೀ ಕೇಸು ನಿಲ್ಲುವುದು ಆ ಬೀಡಿ ತುಂಡಿನ ಮೇಲೆಯೇ.

ಹಂತ 2: ಫೋಟೋ ತೆಗೆಯಿರಿ, ಬರೆದಿಡಿ

ಬಾಗಿಲಲ್ಲಿ ನಿಂತುಕೊಂಡೇ ಕಾಣುವಷ್ಟನ್ನು ಮೊಬೈಲಿನಲ್ಲಿ ತೆಗೆಯಿರಿ. ಆ ಫೋಟೋಗಳನ್ನು ಸ್ಟೇಟಸ್‌ಗೆ ಹಾಕಬೇಡಿ, ಬಡಾವಣೆಯ ಗ್ರೂಪಿಗೂ ಕಳಿಸಬೇಡಿ. ಏನು ಹೋಗಿದೆ, ಎಲ್ಲಿಂದ ನುಗ್ಗಿದರು ಅನ್ನುವುದು ತನಿಖಾಧಿಕಾರಿಗೆ ಮತ್ತು ಕಳ್ಳನಿಗೆ ಮಾತ್ರ ಗೊತ್ತಿದ್ದರೆ ಮುಂದೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಗಂಟೆಗೆ ನೋಡಿದಿರಿ, ಯಾವ ಬಾಗಿಲು ಹೇಗಿತ್ತು, ಯಾರು ಯಾರು ಒಳಗೆ ಕಾಲಿಟ್ಟರು, ಏನೇನು ಮುಟ್ಟಿದರು. ವರ್ಷಗಳ ನಂತರ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಕೇಳುವುದು ಇವೇ ಪ್ರಶ್ನೆಗಳನ್ನು.

ಹೊರಗೆ ಮಣ್ಣಿನಲ್ಲಿ ಹೆಜ್ಜೆಯೋ ಬೈಕಿನ ಚಕ್ರದ ಗುರುತೋ ಇದ್ದು ಮಳೆ ಬರುವ ಹಾಗಿದ್ದರೆ, ಅದಕ್ಕೆ ತಾಗದಂತೆ ಒಂದು ಬಕೆಟ್ಟೋ ಅಗಲದ ಪಾತ್ರೆಯೋ ಬೋರಲು ಹಾಕಿ. ತಜ್ಞರು ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ಒಳಗಿನ ವಸ್ತುಗಳ ಮೇಲೆ ಮಾತ್ರ ಬಟ್ಟೆ ಮುಚ್ಚಬೇಡಿ. ಕಾಪಾಡುತ್ತಿದ್ದೇವೆ ಅಂದುಕೊಂಡು ಬೆರಳಚ್ಚನ್ನು ನಾವೇ ಒರೆಸಿಬಿಟ್ಟಿರುತ್ತೇವೆ.

ಹಂತ 3: ತಜ್ಞರು ಬಂದಾಗ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176(3) ಗೊತ್ತಿರುವುದು ಒಳ್ಳೆಯದು. 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೋ ಆಗಬೇಕು ಅನ್ನುತ್ತದೆ ಅದು. ಇದನ್ನು ಕಡ್ಡಾಯ ಮಾಡಲು ರಾಜ್ಯಗಳಿಗೆ 5 ವರ್ಷದ ಅವಕಾಶ ಇದೆ. ರಾತ್ರಿ ಬೀಗ ಮುರಿದು ನುಗ್ಗಿ ಕಳ್ಳತನ ಮಾಡಿದರೆ 14 ವರ್ಷದವರೆಗೆ ಶಿಕ್ಷೆ ಇದೆ. ಹಾಗಾಗಿ "ಬೆರಳಚ್ಚಿನವರು ಯಾವಾಗ ಬರ್ತಾರೆ ಸರ್?" ಅಂತ ಕೇಳುವುದಕ್ಕೆ ಹಿಂಜರಿಯಬೇಡಿ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಅಂತಲೇ ಸೋಕೋ (ಸೀನ್ ಆಫ್ ಕ್ರೈಮ್) ಅಧಿಕಾರಿಗಳಿದ್ದಾರೆ. ಅವರು ಬರುವುದು ತಡವಾಗುತ್ತದೆ ಅಂದರೆ ಒಂದು ರಾತ್ರಿ ನೆಂಟರ ಮನೆಯಲ್ಲಿ ಮಲಗಿದರೂ ಪರವಾಗಿಲ್ಲ, ಆ ಕೋಣೆಯನ್ನು ಹಾಗೇ ಬಿಡಿ.

ಬೆರಳಚ್ಚು ಅಂದರೆ ಬೆರಳಿನ ಗೆರೆಗಳಿಂದ ಇಳಿದ ಬೆವರು ಮತ್ತು ಜಿಡ್ಡಿನ ಗುರುತು. ಅದು ಚೆನ್ನಾಗಿ ಕೂರುವುದು ನಯವಾದ ಮೈಯ ಮೇಲೆ: ಗಾಜು, ಸ್ಟೀಲ್, ಬಣ್ಣ ಬಳಿದ ಕಬ್ಬಿಣದ ಬೀರು, ಗ್ರಾನೈಟ್ ಕಟ್ಟೆ. ಒರಟು ಸಿಮೆಂಟು ಗೋಡೆ, ಪಾಲಿಶ್ ಇಲ್ಲದ ಮರದ ಮೇಲೆ ಸಿಗುವುದು ಕಷ್ಟ. ನಯವಾದ ಮೈಗೆ ತಜ್ಞರು ಮೃದುವಾದ ಬ್ರಷ್‌ನಿಂದ ಪುಡಿ ಹಚ್ಚುತ್ತಾರೆ, ಗೆರೆ ಎದ್ದ ಮೇಲೆ ಫೋಟೋ ತೆಗೆದು ಟೇಪಿನಲ್ಲಿ ಎತ್ತಿಕೊಳ್ಳುತ್ತಾರೆ. ಕಾಗದಕ್ಕೆ ಪುಡಿಗಿಂತ ರಾಸಾಯನಿಕವೇ ವಾಸಿ. ನಿನ್‌ಹೈಡ್ರಿನ್ ಅನ್ನುವುದು ಬೆವರಿನ ಅಮೈನೋ ಆಮ್ಲದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಕಳ್ಳ ತಡಕಾಡಿದ ಎಲ್‌ಐಸಿ ಬಾಂಡು, ಜಮೀನಿನ ಪತ್ರಗಳನ್ನು ಗಡಿಬಿಡಿಯಲ್ಲಿ ಒಟ್ಟುಮಾಡಿ ಜೋಡಿಸಬೇಡಿ. ಪತ್ರ ಇದೆಯೋ ಇಲ್ಲವೋ ಅನ್ನುವ ಆತಂಕ ಸಹಜ. ಆದರೆ ಒಂದು ಗಂಟೆ ತಡೆದುಕೊಳ್ಳಿ.

ಮನೆಯವರ ಬೆರಳಚ್ಚನ್ನೂ ಕೇಳುತ್ತಾರೆ. ಇದಕ್ಕೆ ತುಂಬಾ ಜನ ನೊಂದುಕೊಳ್ಳುತ್ತಾರೆ. "ನಮ್ಮನ್ನೇ ಕಳ್ಳರು ಅಂತಾರಾ?" ಅನ್ನುತ್ತಾರೆ. ಕಾರಣ ಬೇರೆ. ಬೀರುವಿನ ಮೇಲೆ ಸಿಕ್ಕ ಹತ್ತು ಗುರುತಿನಲ್ಲಿ ಒಂಬತ್ತು ಮನೆಯವರದ್ದೇ ಇರುತ್ತದೆ. ಅವನ್ನು ಬೇರೆ ಮಾಡಿದ ಮೇಲಷ್ಟೇ ಹತ್ತನೆಯದು ಯಾರದ್ದು ಅಂತ ಹುಡುಕಲು ಸಾಧ್ಯ. ಉಳಿದ ಆ ಒಂದನ್ನು ಈಗ ನಾಫಿಸ್ ಅನ್ನುವ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಲ್ಲಿ ಹುಡುಕಬಹುದು. 2022ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಬೇರೆ ರಾಜ್ಯದಲ್ಲಿ ಸಿಕ್ಕಿಬಿದ್ದವರ ಬೆರಳಚ್ಚೂ ಸಿಗುತ್ತದೆ.

ಮನೆಗೆಲಸದವರ ವಿಷಯ ಇಲ್ಲೇ ಹೇಳಬೇಕು. ಕಳ್ಳತನವಾದ ಕೂಡಲೇ ಬಹಳ ಮನೆಗಳಲ್ಲಿ ಮೊದಲು ಬಾಯಿಗೆ ಬರುವುದು ಅವರ ಹೆಸರು. ಅವರ ಬೆರಳಚ್ಚು ಅಡುಗೆಮನೆಯಲ್ಲಿ, ಹಾಲ್‌ನಲ್ಲಿ ಸಿಕ್ಕರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ದಿನಾ ಕೆಲಸ ಮಾಡುವ ಜಾಗ ಅದು, ಅಲ್ವಾ? ಸುಮ್ನೆ ಅನುಮಾನದ ಮೇಲೆ ದೂರಿನಲ್ಲಿ ಹೆಸರು ಬರೆಸಿ ಒಬ್ಬರ ಬದುಕು ಹಾಳು ಮಾಡಬೇಡಿ. ಕಂಡದ್ದನ್ನು ಹೇಳಿ, ಗೊತ್ತಿರುವುದನ್ನು ಹೇಳಿ. ಉಳಿದದ್ದನ್ನು ಸಾಕ್ಷ್ಯಕ್ಕೆ ಬಿಡಿ.

ಬಾಗಿಲ ಚೌಕಟ್ಟಿನಲ್ಲಿ ರಾಡು ಹಾಕಿ ಮೀಟಿದ ಗುರುತು ಇರುತ್ತದೆ. ಪ್ರತಿ ರಾಡಿನ ತುದಿಗೂ ಅದರದೇ ಆದ ಸಣ್ಣ ಸಣ್ಣ ಕಚ್ಚು ಇರುತ್ತದೆ. ಮುಂದೆ ಶಂಕಿತನ ಹತ್ತಿರ ರಾಡು ಸಿಕ್ಕರೆ ಸೂಕ್ಷ್ಮದರ್ಶಕದಲ್ಲಿ ಎರಡನ್ನೂ ತಾಳೆ ನೋಡುತ್ತಾರೆ. ಅಲ್ಲಿಯವರೆಗೆ ಬಡಗಿಯನ್ನು ಕರೆಸಬೇಡಿ. ಮುರಿದ ಬೀಗವನ್ನು ಎಸೆಯಬೇಡಿ.

ಹಂತ 4: ಮಹಜರು ಓದಿ, ಆಮೇಲೆ ಸಹಿ ಮಾಡಿ

ನನಗೆ ಅತಿ ಮುಖ್ಯ ಅನ್ನಿಸುವ ಹಂತ ಇದು. ಜನ ಅತಿ ಕಡಿಮೆ ಗಮನ ಕೊಡುವುದೂ ಇದಕ್ಕೇ.

ಸ್ಥಳದಲ್ಲಿ ಏನು ಕಂಡಿತು, ಏನನ್ನು ವಶಪಡಿಸಿಕೊಂಡರು ಅಂತ ಪಂಚರ, ಅಂದರೆ ಸ್ಥಳದ ಸಾಕ್ಷಿಗಳ, ಎದುರು ಮಹಜರು ಬರೆಯುತ್ತಾರೆ. ಶೋಧ ಮತ್ತು ಜಪ್ತಿ ನಡೆಯುವಾಗ ಆಡಿಯೋ-ವಿಡಿಯೋ ದಾಖಲೆ ಆಗಬೇಕು ಅಂತ ಅದೇ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಹೇಳುತ್ತದೆ. ಮೊಬೈಲಿನಲ್ಲಿ ತೆಗೆದರೂ ನಡೆಯುತ್ತದೆ. ನಿಮ್ಮನ್ನು ಪಂಚರಾಗಿ ಕರೆದರೆ ಹೋಗಿ. ಆದರೆ ಖಾಲಿ ಹಾಳೆಗೆ ಸಹಿ ಹಾಕಬೇಡಿ. ಆಮೇಲೆ ಠಾಣೆಗೆ ಬಂದು ಸಹಿ ಮಾಡಿ ಅಂದರೂ ಪೂರ್ತಿ ಓದಿ. ಗಾಜಿನ ಲೋಟ ಎಲ್ಲಿ ಸಿಕ್ಕಿತು ಅಂತ ಬರೆದಿದ್ದಾರೆ? ಅಡುಗೆಮನೆಯಲ್ಲೋ, ಮಲಗುವ ಕೋಣೆಯಲ್ಲೋ? ತಪ್ಪಿದ್ದರೆ ಅಲ್ಲೇ ತಿದ್ದಿಸಿ. ವಿಜ್ಞಾನ ಎಷ್ಟೇ ಸರಿಯಿದ್ದರೂ ಮಹಜರಿನ ಒಂದು ತಪ್ಪು ಸಾಲಿನಿಂದ ಕೇಸು ಬೀಳುತ್ತದೆ.

ಏಕೆ ಅಂದರೆ ಸಾಕ್ಷ್ಯದ ಪಯಣ ಸರಪಳಿಯ ಹಾಗೆ. ಸ್ಥಳದಿಂದ ಠಾಣೆ, ಠಾಣೆಯಿಂದ ಪ್ರಯೋಗಾಲಯ, ಅಲ್ಲಿಂದ ಕೋರ್ಟು. ಪ್ರತಿ ಕೈ ಬದಲಾದಾಗಲೂ ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಯಾವ ದಿನ, ಸೀಲು ಹಾಗೇ ಇತ್ತಾ ಅನ್ನುವುದು ದಾಖಲಾಗಬೇಕು. ವಶಪಡಿಸಿಕೊಂಡ ಮುದ್ದೆಮಾಲಿಗೆ ಠಾಣೆಯಲ್ಲಿ ಪಿ.ಎಫ್. (ಪ್ರಾಪರ್ಟಿ ಫಾರ್ಮ್) ನಂಬರ್ ಬೀಳುತ್ತದೆ. ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತವಾಗಿ ಸಿಗಬೇಕು. ಇ-ಮೇಲ್ ಅಥವಾ ಆನ್‌ಲೈನ್‌ನಲ್ಲಿ ದೂರು ಕಳಿಸಿದ್ದರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು.

ಪ್ಯಾಕಿಂಗ್ ನೋಡುವಾಗ ಒಂದು ಅಂಶ ಗಮನಿಸಿ. ರಕ್ತ ಅಥವಾ ಎಂಜಲು ಆದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಇಡಬೇಕು, ಒಂದೊಂದು ವಸ್ತುವಿಗೂ ಬೇರೆ ಬೇರೆ ಕವರು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ.

ಹಂತ 5: ಸಿಸಿಟಿವಿ ಅಳಿಸಿಹೋಗುವ ಮೊದಲು

ಬೆರಳಚ್ಚು ಗಾಜಿನ ಮೇಲೆ ವಾರಗಟ್ಟಲೆ ಇರಬಹುದು. ಸಿಸಿಟಿವಿ ದೃಶ್ಯ ಕಾಯುವುದಿಲ್ಲ. ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಕೆಲವು ಕಡೆ ಅದು ಒಂದು ವಾರ, ಕೆಲವು ಕಡೆ ಒಂದು ತಿಂಗಳು. ಆದ್ದರಿಂದ ಅದೇ ದಿನ ಬೀದಿಯಲ್ಲಿ ನಡೆದು ಎಲ್ಲೆಲ್ಲಿ ಕ್ಯಾಮೆರಾ ಇದೆ ಅಂತ ಪಟ್ಟಿ ಮಾಡಿ: ಎದುರು ಮನೆ, ಮೂಲೆಯ ಬೇಕರಿ, ಎಟಿಎಂ, ಪೆಟ್ರೋಲ್ ಬಂಕ್. ಪಟ್ಟಿಯನ್ನು ತನಿಖಾಧಿಕಾರಿಗೆ ಕೊಡಿ. ಅಂಗಡಿಯವರನ್ನು "ಅಳಿಸದೆ ಇಟ್ಟಿರಿ ಅಣ್ಣಾ" ಅಂತ ಕೇಳಿಕೊಳ್ಳಿ.

ಪರದೆಯಲ್ಲಿ ಓಡುತ್ತಿರುವ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡರೆ ಸುಳಿವಿಗೆ ಸಾಕು, ಕೋರ್ಟಿಗೆ ಸಾಲದು. ಡಿವಿಆರ್‌ನಿಂದಲೇ ಪ್ರತಿ ತೆಗೆಯಬೇಕು. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದನ್ನು ಆ ಉಪಕರಣ ಯಾರ ಸುಪರ್ದಿಯಲ್ಲಿದೆಯೋ ಅವರು ತುಂಬಬೇಕು, ಇನ್ನೊಂದನ್ನು ತಜ್ಞರು. ಹ್ಯಾಶ್ ಅನ್ನುವ ಸಂಖ್ಯೆಯೂ ಅದರಲ್ಲಿರುತ್ತದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ಹಾಗಾಗಿ ತಿದ್ದಿದ್ದು ಗೊತ್ತಾಗುತ್ತದೆ. ಡಿವಿಆರ್‌ನ ಗಡಿಯಾರ ಸರಿಯಾದ ಸಮಯಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಅನ್ನುವುದನ್ನೂ ಬರೆಸಿ. ಎಷ್ಟೋ ಕಡೆ ಅದನ್ನು ಯಾರೂ ಸರಿಮಾಡಿರುವುದೇ ಇಲ್ಲ.

ನೀವೇ ತೆಗೆದ ವಿಡಿಯೋ ಇದ್ದರೆ ಮೂಲ ಕಡತ ಫೋನಿನಲ್ಲೇ ಇರಲಿ. ವಾಟ್ಸಾಪ್‌ನಲ್ಲಿ ಕಳಿಸಿದಾಗ ಅದು ಕುಗ್ಗುತ್ತದೆ, ಒಳಗಿನ ಮಾಹಿತಿಯೂ ಹೋಗುತ್ತದೆ. ಕದ್ದ ಫೋನಿನಿಂದಲೋ ಕಾರ್ಡಿನಿಂದಲೋ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದೇಹವೇ ಸಾಕ್ಷ್ಯವಾದಾಗ

ಮನೆಗೆ ನುಗ್ಗಿದವರು, ಅಥವಾ ಬೇರೆ ಯಾರೇ ಆಗಲಿ, ಲೈಂಗಿಕ ದೌರ್ಜನ್ಯ ನಡೆಸಿದ್ದರೆ ದಾರಿ ಬೇರೆ. ಮೊದಲು ಸುರಕ್ಷಿತ ಜಾಗ, ನಂಬುವ ಒಬ್ಬರು, ಆಮೇಲೆ ಆಸ್ಪತ್ರೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಅನ್ನುವುದು ಕಾನೂನು. ಆದಷ್ಟೂ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋದರೆ ಸಾಕ್ಷ್ಯ ಸಿಗುವ ಸಾಧ್ಯತೆ ಜಾಸ್ತಿ. ಸ್ನಾನ ಆಗಿಹೋಗಿದೆ, ಎರಡು ದಿನ ಕಳೆದಿದೆ ಅಂದರೂ ಹೋಗಿ. ಆಗಲೂ ಸಿಗಬಹುದಾದ್ದು ಇರುತ್ತದೆ, ಚಿಕಿತ್ಸೆಯಂತೂ ಬೇಕೇ ಬೇಕು. ಪರೀಕ್ಷೆ ನಡೆಯುವುದು ಸಂತ್ರಸ್ತೆಯ ಒಪ್ಪಿಗೆಯಿಂದ ಮಾತ್ರ. ಗುಪ್ತಾಂಗಕ್ಕೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆ ಮಾಡಲೇಬಾರದು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು, 2022ರಲ್ಲಿ ಇನ್ನೂ ಕಟುವಾಗಿ ಹೇಳಿತು. ಯಾರಾದರೂ ಅದಕ್ಕೆ ಮುಂದಾದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಸಹಾಯಕ್ಕೆ ಮಹಿಳಾ ಸಹಾಯವಾಣಿ 181 ಇದೆ.

ಹಂತ 6: ಪ್ರಯೋಗಾಲಯದ ವರದಿಯಿಂದ ಏನು ನಿರೀಕ್ಷಿಸಬೇಕು

ರಾಜ್ಯದ ಮುಖ್ಯ ವಿಧಿವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ವರದಿ ಬರಲು ಸಮಯ ಹಿಡಿಯುತ್ತದೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193ರಲ್ಲಿದೆ. ತಿಳಿಸದಿದ್ದರೆ ನೀವೇ ಬರವಣಿಗೆಯಲ್ಲಿ ಕೇಳಿ.

ವರದಿ ಏನು ಹೇಳುತ್ತದೆ, ಎಲ್ಲಿಗೆ ನಿಲ್ಲುತ್ತದೆ ಅನ್ನುವುದಕ್ಕೆ ನಮ್ಮ ದೇಶದ ಹಳೆಯ ಕೇಸೊಂದನ್ನು ನೋಡಬೇಕು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು, ಜಗತ್ತಿನಲ್ಲೇ ಮೊದಲನೆಯದು. ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕಾಚಾರದಲ್ಲಿ ದೊಡ್ಡ ಪಾಲು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರದ್ದು. ಆ ದಿನಗಳಲ್ಲೇ ಬಂಗಾಳದ ಜಲ್ಪೈಗುರಿಯಲ್ಲಿ ಚಹಾ ತೋಟದ ಮ್ಯಾನೇಜರ್ ಒಬ್ಬರ ಕೊಲೆಯಾಯಿತು. ಅವರ ಹಣದ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ರಕ್ತದ ಹೆಬ್ಬೆರಳ ಗುರುತು ಇತ್ತು. ಹಿಂದೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದ ಅವರ ಮಾಜಿ ಆಳಿನ ಬೆರಳಚ್ಚು ಕಡತದಲ್ಲಿತ್ತು, ತಾಳೆಯಾಯಿತು. ಕೋರ್ಟು ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆ ಆರೋಪದಿಂದ ಬಿಟ್ಟಿತು. ಅವನು ಪೆಟ್ಟಿಗೆಗೆ ಕೈ ಹಾಕಿದ್ದು ಬೆರಳಚ್ಚಿನಿಂದ ಖಚಿತವಾಯಿತು. ಚಾಕು ಹಾಕಿದ್ದು ಅವನೇ ಅನ್ನುವುದು ಅದರಿಂದ ಖಚಿತವಾಗಲಿಲ್ಲ. ನೂರಿಪ್ಪತ್ತೈದು ವರ್ಷ ಕಳೆದರೂ ಬೆರಳಚ್ಚಿನ ಮಿತಿ ಅಷ್ಟೇ ಇದೆ.

ಡಿಎನ್‌ಎ ಬಂದ ಮೇಲೆ ಈ ವಿದ್ಯೆ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಅತ್ಯಾಚಾರ, ಕೊಲೆ ನಡೆದಿತ್ತು. ಹದಿನೇಳರ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡಿದ್ದ. 1984ರಲ್ಲಿ ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದಿದ್ದ ಅಲೆಕ್ ಜೆಫ್ರೀಸ್ ಪರೀಕ್ಷೆ ಮಾಡಿದಾಗ ಎರಡೂ ಒಬ್ಬನದೇ ಕೃತ್ಯ, ಅದು ಈ ಹುಡುಗನದ್ದಲ್ಲ ಅಂತ ತಿಳಿಯಿತು. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಡಿಎನ್‌ಎ ಮೊದಲು ಮಾಡಿದ್ದು ಒಬ್ಬ ನಿರಪರಾಧಿಯನ್ನು ಬಿಡಿಸಿದ್ದು. ಸಾಕ್ಷ್ಯ ಹಾಳುಮಾಡಬೇಡಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತಜ್ಞರೂ ತಪ್ಪುತ್ತಾರೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ನಂತರ ಅಮೆರಿಕದ ಎಫ್‌ಬಿಐ ಒಂದು ಬೆರಳಚ್ಚನ್ನು ತಪ್ಪಾಗಿ ತಾಳೆಮಾಡಿ ಆರೆಗಾನ್ ರಾಜ್ಯದ ವಕೀಲರೊಬ್ಬರನ್ನು ಬಂಧಿಸಿತ್ತು. ಅದು ಬೇರೆಯವನದ್ದು ಅಂತ ಸ್ಪೇನ್ ಪೊಲೀಸರು ತೋರಿಸಿದ ಮೇಲೆ ಬಿಟ್ಟು ಕ್ಷಮೆ ಕೇಳಿತು. ತಜ್ಞರ ಮಾತನ್ನು ಅಭಿಪ್ರಾಯವಾಗಿ ನೋಡಿ, ಬೇರೆ ಸಾಕ್ಷ್ಯದ ಜೊತೆ ತೂಗಿ ಕೋರ್ಟು ತೀರ್ಮಾನಕ್ಕೆ ಬರುವುದು ಇದೇ ಕಾರಣಕ್ಕೆ.

"ಮಂಪರು ಪರೀಕ್ಷೆ ಮಾಡಿಸಿ, ಎಲ್ಲ ಬಾಯಿಬಿಡ್ತಾನೆ" ಅನ್ನುವ ಒತ್ತಾಯ ಪ್ರತಿ ದೊಡ್ಡ ಕೇಸಿನಲ್ಲೂ ಕೇಳಿಬರುತ್ತದೆ. ಒಪ್ಪಿಗೆ ಇಲ್ಲದೆ ಯಾರ ಮೇಲೂ ಅದನ್ನು ಮಾಡುವಂತಿಲ್ಲ. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಒಪ್ಪಿ ಮಾಡಿಸಿಕೊಂಡರೂ ಆ ಮಂಪರಿನಲ್ಲಿ ಹೇಳಿದ ಮಾತು ಸಾಕ್ಷ್ಯವಲ್ಲ. ಅದರಿಂದ ಮುಂದೆ ಸಿಗುವ ವಸ್ತುವಿಗೆ ಮಾತ್ರ ಬೆಲೆ.

ಹಂತ 7: ಮನೆ ಶುಚಿ ಮಾಡುವುದು, ಒಡವೆ ಬಿಡಿಸಿಕೊಳ್ಳುವುದು

ಕೆಲಸ ಮುಗಿಯಿತು, ಇನ್ನು ಮುಟ್ಟಬಹುದು ಅಂತ ಅಧಿಕಾರಿ ಹೇಳಿದ ಮೇಲೆ ಗುಡಿಸಿ. ಬೆರಳಚ್ಚಿನ ಪುಡಿ ತುಂಬಾ ನಯ. ಮೊದಲು ಒಣ ಬಟ್ಟೆಯಲ್ಲಿ ಮೆಲ್ಲಗೆ ತೆಗೆದು, ಆಮೇಲೆ ಸೋಪಿನ ನೀರಿನಲ್ಲಿ ಒರೆಸಿ. ಆಮೇಲೆ ಏನಾದರೂ ಹೊಸದಾಗಿ ಕಂಡರೆ, ಸೋಫಾ ಕೆಳಗೆ ನಿಮ್ಮದಲ್ಲದ ಗುಂಡಿಯೋ ಸ್ಕ್ರೂಡ್ರೈವರೋ ಸಿಕ್ಕರೆ, ಕೈ ಹಾಕದೆ ಠಾಣೆಗೆ ಫೋನ್ ಮಾಡಿ.

ಒಡವೆಯ ಬಿಲ್ಲು, ಮದುವೆ ಆಲ್ಬಮ್‌ನಲ್ಲಿ ಆ ಸರ ಹಾಕಿಕೊಂಡ ಫೋಟೋ, ಅಕ್ಕಸಾಲಿಗರು ಬರೆದುಕೊಟ್ಟ ಚೀಟಿ ಎಲ್ಲವನ್ನೂ ಈಗಲೇ ಒಂದು ಕಡೆ ಸೇರಿಸಿ. ಮಾಲು ಸಿಕ್ಕಾಗ ಇದು ನಿಮ್ಮದೇ ಅಂತ ತೋರಿಸಬೇಕಾಗುತ್ತದೆ. ಕೇಸು ಮುಗಿಯುವ ತನಕ ಅದು ಠಾಣೆಯಲ್ಲೇ ಕೊಳೆಯಬೇಕು ಅನ್ನುವ ನಂಬಿಕೆ ತಪ್ಪು. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ವಿವರವಾದ ಪಂಚನಾಮೆ ಮಾಡಿ, ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಕೊಡಬಹುದು. ಹೊಸ ಸಂಹಿತೆಯ ಕಲಂ 497ರಲ್ಲೂ ಕಾಲಮಿತಿ ಇದೆ: ಮಾಲು ಕೋರ್ಟಿನ ಮುಂದೆ ಬಂದ 14 ದಿನದಲ್ಲಿ ಅದರ ವಿವರಪಟ್ಟಿ, ಆ ಪಟ್ಟಿ ಮತ್ತು ಫೋಟೋ ಆದ ಮೇಲೆ 30 ದಿನದಲ್ಲಿ ಆದೇಶ. ವಕೀಲರ ಮೂಲಕ ಅರ್ಜಿ ಹಾಕಿ. ಒಡವೆ ಕೈಗೆ ಬಂದ ಮೇಲೆ ಬಾಂಡಿನ ಷರತ್ತು ಓದಿ. ಕೋರ್ಟು ಕೇಳಿದಾಗ ಹಾಜರುಪಡಿಸಬೇಕು, ರೂಪ ಬದಲಿಸಬಾರದು ಅಂತ ಅದರಲ್ಲಿ ಬರೆದಿದ್ದರೆ ವಿಚಾರಣೆ ಮುಗಿಯುವವರೆಗೆ ಅದನ್ನು ಕರಗಿಸಿ ಬೇರೆ ಮಾಡಿಸುವಂತಿಲ್ಲ.